ಗೇಣು ಮೋಟಾದ ಗೇರು

ಕರ್... ಕರ್... ಎಂಬ ಸಣ್ಣ ಸದ್ದಿಗೆ ನಡುರಾತ್ರಿ ಎಚ್ಚರವಾಯಿತು. ಇಲಿ ಎಂದುಕೊಂಡೆ. ಆದರೆ ಇಲಿ ಹೀಗೆ ಬಿಡದೆ ಒಂದೇ ಸಮನೆ ಕೆರೆಯುವುದಿಲ್ಲ. ಪಕ್ಕದ ಹಾಸಿಗೆ ಖಾಲಿಯಿತ್ತು. ಹಿತ್ತಲಿಗೆ ಹೋಗಿ ನೋಡಿದರೆ, ನಮ್ಮ ಹಳೆಯ ಕಾರಿನ ಬಾಗಿಲು ತೆರೆದಿತ್ತು. ನನ್ನ ಗಂಡ ಕುಬೇರಪ್ಪ ಕಂದೀಲು ಹಿಡಿದು ನಿಂತಿದ್ದರು. ಕಂಬಾರ ಗುಡ್ಡಪ್ಪ ಒಳಗೆ ಮೊಣಕಾಲೂರಿ, ಗೇರು ಬದಲಿಸುವ ಉದ್ದನೆಯ ಕಬ್ಬಿಣದ ಕೋಲನ್ನು ಗರಗಸದಿಂದ ಕೊಯ್ಯುತ್ತಿದ್ದ.

"ಇದೇನ್ ಮಾಡಾಕತ್ತೀರಿ?"

"ಅವ್ವನ್ನ ಕಾರಿಗೆ ಹತ್ತಸಾಕತ್ತೇನಿ," ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಸಂಜೆಯಷ್ಟೇ ಮಾಸೂರಿನಿಂದ ಆಳು ಬಂದಿದ್ದ. ಅಲ್ಲಿಗೆ ಕೊಟ್ಟಿದ್ದ ನಾದಿನಿ ಸುಶೀಲವ್ವನಿಗೆ ದಿನ ತುಂಬುವ ಮೊದಲೇ ಬೇನೆ ಶುರುವಾಗಿತ್ತು. ಹಿಂದಿನ ಎರಡು ಕೂಸುಗಳೂ ಹುಟ್ಟುವಾಗಲೇ ಹೋಗಿದ್ದವು. 'ಅವ್ವ ಬಂದ್ರಷ್ಟ ನಾ ಉಳೀತೇನಿ' ಎಂದು ಹೇಳಿ ಕಳಿಸಿದ್ದಳು. ನನ್ನ ಅತ್ತೆ ಶಿವಬಸವ್ವನವರಿಗೆ ಕಣ್ಣು ಮಂಜಾಗಿದ್ದರೂ ನಮ್ಮ ಸವಣೂರಿನಲ್ಲಿ ಹೆರಿಗೆ ಕಷ್ಟವಾದ ಮನೆಯವರೆಲ್ಲ ಅವರನ್ನೇ ಕರೆಯುತ್ತಿದ್ದರು.

ಆದರೆ ಅತ್ತೆ ಕಾರು ಹತ್ತಲು ಒಲ್ಲೆ ಎಂದಿದ್ದರು. ಹಿಂದೆ ಕುಳಿತರೆ ವಾಂತಿ. ಮುಂದೆ ಕುಳಿತರೆ, ಮೊದಲನೆಯ ಗೇರಿಗೆ ಎಳೆದಾಗಲೆಲ್ಲ ಆ ಕೋಲು ಅವರತ್ತಲೇ ವಾಲುತ್ತಿತ್ತು. ತುದಿಯ ಗುಂಡು ಅವರ ಕೊರಳಿನಿಂದ ಇಳಿಬಿದ್ದ ಬೆಳ್ಳಿಯ ಕರಡಿಗೆಗೆ ತಾಕುತ್ತಿತ್ತು. ಕರಡಿಗೆಯೊಳಗೆ ಇಷ್ಟಲಿಂಗ. ಲಿಂಗ ಬಿರುಕು ಬಿಟ್ಟು ಭಿನ್ನವಾಯಿತೋ, ಗುರುಗಳು ಬಂದು ಬೇರೆ ಲಿಂಗ ಕಟ್ಟುವತನಕ ಅತ್ತೆ ಹನಿ ನೀರು ಕುಡಿಯುವವರಲ್ಲ, ಯಾರನ್ನೂ ಮುಟ್ಟುವವರಲ್ಲ. ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ ಎಂದರೆ, "ಬಾಗಲಾ ಹಿಡ್ಯಾಕ ಮತ್ತ ಎರಡು ಕೈ ನೀ ಕೊಡ್ತೀಯೇನ?" ಎಂದಿದ್ದರು.

"ಕೋಲು ಉದ್ದ ಇದ್ದಷ್ಟೂ ಕೈಗೆ ಹಗುರರಿ," ಎಂದೆ. "ಮೋಟ ಮಾಡಿದ್ರ ಬಲ ಸಾಲೂದಿಲ್ಲ."

"ನೀ ಕಲ್ತ ಧಾರವಾಡದ ಕಾಲೇಜಿನ್ಯಾಗ ಗೇರ್ ಹಾಕೂದೂ ಕಲಿಸ್ತಿದ್ರೇನ?" ಎಂದರು ಗಂಡ.

ಗುಡ್ಡಪ್ಪ ಬೆವರು ಒರೆಸಿಕೊಂಡ. "ಅಂಜಬ್ಯಾಡ್ರಿ ಅಕ್ಕಾರ. ಸಾವಕಾರ್ರ ತೋಳು ನೋಡ್ರಿ, ಎತ್ತಿನ ಬದಲಿ ಇವರನ್ನ ಹೂಡಬೇಕು."

ಗೇಣುದ್ದದ ತುಂಡು ಕಳಚಿ ಬಿತ್ತು. ತುದಿಯ ತಿರುಪಿನ ಸುತ್ತುಗಳು ಅದರ ಜೊತೆಗೇ ಹೋಗಿದ್ದರಿಂದ ಗುಂಡನ್ನು ಮತ್ತೆ ತಿರುಪಿ ಕೂಡಿಸಲಾಗಲಿಲ್ಲ. ಹರಿತವಾದ ಮೋಟಿಗೆ ಗುಡ್ಡಪ್ಪ ಅರಿವೆ ಸುತ್ತಿದ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ನಸುಕಿನಲ್ಲಿ ಅತ್ತೆ ಆ ಮೋಟನ್ನು ತಡವಿ ನೋಡಿ, "ಈಗ ನೋಡು, ಇದಕ್ಕೂ ಮರ್ಯಾದಿ ಬಂತು," ಎನ್ನುತ್ತ ಹತ್ತಿ ಕುಳಿತರು.

ಶಿಗ್ಗಾಂವಿ ದಾಟಿ ಹಾನಗಲ್ಲಿನವರೆಗೆ ದಾರಿ ಸಪಾಟಾಗಿತ್ತು. ಆದರೂ ಗೇರು ಬದಲಿಸುವಾಗಲೆಲ್ಲ ಗಂಡನ ಕುತ್ತಿಗೆಯ ನರ ಉಬ್ಬುವುದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಹಿರೇಕೆರೂರು ದಾಟುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದು ಅರಿವೆಗೆ ರಕ್ತ ಹತ್ತಿತ್ತು.

ಮದಗದ ಕೆರೆಯ ಹತ್ತಿರದ ಏರಿನಲ್ಲಿ ಹುಲ್ಲಿನ ಬಂಡಿಯೊಂದು ಅಡ್ಡ ಬಂತು. ಕಾರು ನಿಲ್ಲಿಸಲೇಬೇಕಾಯಿತು. ಬಂಡಿ ಸರಿದ ಮೇಲೆ ಅವರು ಮೊದಲನೆಯ ಗೇರಿಗೆ ಎಳೆದರು. ಕೆಳಗೆ ಹಲ್ಲುಗಳು ಕಟಕಟನೆ ಕಡಿದವು, ಗೇರು ಕೂಡಲಿಲ್ಲ. ಮತ್ತೆ ಎಳೆದರು. ಕೈ ಜಾರಿತು. ಕಾರು ಮೆಲ್ಲಗೆ ಹಿಂದಕ್ಕೆ ಸರಿಯಿತು.

"ಬ್ರೇಕ್ ಹಿಡೀರಿ!"

"ಹಿಡದೇನಿ, ನಿಲ್ಲವಲ್ದು!"

ತಿರುಗಿ ನೋಡಿದೆ. ಹಿಂದಿನ ಗಾಜಿನ ತುಂಬ ನೀರು. ಬಾಗಿಲು ತೆರೆದು ಹಾರಬಹುದಿತ್ತು. ಮುಂದೆ ಕುಳಿತವರನ್ನು ಬಿಟ್ಟು ಹಾರಲು ಕಾಲು ಏಳಲಿಲ್ಲ.

"ಎತ್ತಾಗ ಎಳೀಬೇಕೋ ಇದನ್ನ?" ಅತ್ತೆ ಕೂಗಿದರು.

"ನಿನ್ನ ಕಡೆ, ಯವ್ವಾ! ನಿನ್ನ ಕಡೆ!"

ಅತ್ತೆ ಬಾಗಿಲು ಬಿಟ್ಟರು. ಎರಡೂ ಕೈಯಿಂದ ಆ ಮೋಟನ್ನು, ಅದರ ಮೇಲಿದ್ದ ಮಗನ ಕೈಯನ್ನೂ ಕೂಡಿಸಿ ಹಿಡಿದು, ಮುಂದೆ ಬಾಗಿ ತಮ್ಮ ಮೈಗೇ ಎಳೆದುಕೊಂಡರು. ಧಡ್ ಎಂದು ಗೇರು ಕೂಡಿತು. ಅದರ ಜೊತೆಗೇ ಕಬ್ಬಿಣ ಬೆಳ್ಳಿಗೆ ಬಡಿದ ಸಪ್ಪಳ ನನಗೆ ಕೇಳಿಸಿತು. ಕಾರು ನಡುಗುತ್ತ ಏರು ಹತ್ತಿತು. ಅತ್ತೆ ಕರಡಿಗೆಯ ಮೇಲೆ ಅಂಗೈ ಮುಚ್ಚಿಕೊಂಡು ಕುಳಿತಿದ್ದರು.

ಮಾಸೂರಿನ ಮನೆಯಲ್ಲಿ ಸುಶೀಲವ್ವನ ನರಳಾಟ ಅಂಗಳಕ್ಕೇ ಕೇಳುತ್ತಿತ್ತು. ಅತ್ತೆ ಕೈಕಾಲು ತೊಳೆದು, ನನ್ನನ್ನಷ್ಟೇ ಕರೆದುಕೊಂಡು ದೇವರ ಕೋಣೆಗೆ ಹೋದರು. ಕರಡಿಗೆಯ ಮುಚ್ಚಳ ಒಳಕ್ಕೆ ತಗ್ಗಿತ್ತು. ಉಗುರು ಹಾಕಿ ಎಬ್ಬಿಸಬೇಕಾಯಿತು. ಲಿಂಗವನ್ನು ಎಡಗೈಯಲ್ಲಿಟ್ಟು ಹೆಬ್ಬೆರಳಿನಿಂದ ಸುತ್ತಲೂ ಸವರಿದರು. ಬೆರಳು ಒಂದು ಕಡೆ ನಿಂತಿತು. ಅಲ್ಲಿ ಕೂದಲೆಳೆಯಷ್ಟು ಬಿರುಕಿತ್ತು.

ಇನ್ನು ಇವರು ಇಲ್ಲಿಂದ ಏಳುವುದಿಲ್ಲ, ಸುಶೀಲವ್ವ ಉಳಿಯುವುದಿಲ್ಲ ಎನಿಸಿತು.

"ಯವ್ವಾ..." ಒಳಗಿನಿಂದ ಸುಶೀಲವ್ವ ಕೂಗಿದಳು.

ಅತ್ತೆ ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟರು.

"ಸರೋಜವ್ವ, ನಿನ್ನ ಕಣ್ಣು ಚಲೋ ಅದಾವು. ಏನರ ಕಂಡಿತೇನ?"

ಸುಶೀಲವ್ವ ಮತ್ತೆ ನರಳಿದಳು.

"ಇಲ್ರಿ ಅತ್ತಿ. ನನಗೇನೂ ಕಂಡಿಲ್ಲ."

"ಹಂಗಾರ ಬಿಸಿನೀರು ತಗೊಂಡು ಬಾ," ಎಂದು ಮಗಳ ಕೋಣೆಗೆ ನಡೆದರು.

ಹಂಡೆಯ ಹತ್ತಿರ ಗಂಡ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಅವ್ವನ ಕರಡಿಗಿಗೆ ಏನರ ಆತೇನ?" ಎಂದು ಅಂಜುತ್ತ ಕೇಳಿದರು. ನಾನು ನೀರು ತೋಡಿಕೊಳ್ಳುತ್ತಿದ್ದೆ. ಇವರಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಅಲ್ಲಿಯೇ ನಿರ್ಧರಿಸಿದೆ.