ಹಿಮ್ಮಡಿಯಲ್ಲಿ ಮೇಕೆಯ ಕೂದಲು

ನಾನೂ ಅವ್ವನೂ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆವು. ನಮ್ಮನೆ ಒಲೆಯ ಪಕ್ಕದ ಬೆಂಚಿನಲ್ಲಿ ಕೂತು ಮೆಲ್ಕಿಯೋರ್ ಕಾಲುಚೀಲ ಹೆಣೆಯುತ್ತಿದ್ದ. ಜರ್ಮನ್ ನಾಡಿನ ನಮ್ಮ ಸ್ವಾಬಿಯಾ ಬೆಟ್ಟದ ಮೇಲೆ ಕುರಿ ಕಾಯುವ ಗಂಡಸರೆಲ್ಲ ಹೆಣೆಯುತ್ತಾರೆ. ಆದರೆ ಇವನು ಪೀಪಾಯಿ ಮಾಡುವವನು; ನೆಪೋಲಿಯನ್ನನ ದಂಡಿನೊಡನೆ ರಷ್ಯಾಕ್ಕೆ ಹೋಗಿ ಬದುಕಿ ಬಂದವನು.

ಹಳೆಯ ಸಂಗತಿಗಳನ್ನು ಕೂಡಿಡುವ ಹುಚ್ಚಿನ ನಮ್ಮ ಪಾದ್ರಿಗಳು ಎದುರು ಕೂತು ಅವನ ಮಾತನ್ನು ಬರೆದುಕೊಳ್ಳುತ್ತಿದ್ದರು. ಕುರಿ ಕಾಯುತ್ತಿದ್ದ ಅಪ್ಪನೂ ಅದೇ ದಂಡಿನಲ್ಲಿ ಹೋಗಿದ್ದ, ಮರಳಲಿಲ್ಲ. ಅವನು ಸತ್ತದ್ದಕ್ಕೆ ಪಾದ್ರಿಗಳಿಗೆ ಒಬ್ಬ ಸಾಕ್ಷಿ ಸಿಕ್ಕರೆ ಅವ್ವ ಗಿರಣಿಯ ಕಾಸ್ಪರನನ್ನು ಮದುವೆಯಾಗಬಹುದಿತ್ತು. ಮೆಲ್ಕಿಯೋರ್ ಊರಿಗೆ ಬಂದಾಗಿನಿಂದ ಉಣ್ಣುವುದು, ಮಲಗುವುದು ಕಾಸ್ಪರನ ಗಿರಣಿಯಲ್ಲೇ. ಅದು ನನಗೆ ಸರಿಕಂಡಿರಲಿಲ್ಲ.

ಅವನು ಸೊಗಸಾಗಿ ಹೇಳುತ್ತಿದ್ದ. ಬೇಸಿಗೆಯ ಧೂಳಿನಲ್ಲಿ ಮುಂದಿನವನ ಬೆನ್ನೂ ಕಾಣದೆ ನಡೆದದ್ದು, ಹಸಿ ಪೈರು ಮೇಯ್ದ ಕುದುರೆಗಳು ಹೊಟ್ಟೆ ಉಬ್ಬಿ ಬಿದ್ದದ್ದು, ಹಿಂತಿರುಗುವಾಗ ಉಪ್ಪು ಸಿಗದೆ ಕುದುರೆ ಮಾಂಸಕ್ಕೆ ಕೋವಿಮದ್ದು ಉದುರಿಸಿದ್ದು. ಅಪ್ಪನನ್ನು ಅವನು ಮೊದಲು ಕಂಡದ್ದು ಹಿಂತಿರುಗುವ ದಾರಿಯ ವಿಲ್ನಾ ಪಟ್ಟಣದ ಆಸ್ಪತ್ರೆಯಲ್ಲಂತೆ. ಜ್ವರ ಏರಿದ್ದ ಅಪ್ಪ ಅವತ್ತೇ ತೀರಿಕೊಂಡನಂತೆ. ಆಮೇಲೆ ರಷ್ಯನ್ನರು ಮೆಲ್ಕಿಯೋರನನ್ನು ಸೆರೆಹಿಡಿದು ದೂರದ ಸರಾತೋವಿಗೆ ಸಾಗಿಸಿದರಂತೆ.

ಪಾದ್ರಿಗಳು ಲೇಖನಿ ಅದ್ದುತ್ತ ನಕ್ಕರು. “ಪೀಪಾಯಿ ಬಡಿಯೋ ಕೈಗೆ ಈ ಸೂಜಿ ಹೇಗಯ್ಯಾ ಬಂತು?”

“ಸೆರೇಲಿ ಕಲ್ತೆ ಸ್ವಾಮಿ. ಅಲ್ಲೀತನಕ ಸೂಜಿ ಮುಟ್ಟಿದೋನಲ್ಲ. ಹೆಣೆದ್ರೆ ರೊಟ್ಟಿ ಕೊಡೋರು, ಇಲ್ದಿದ್ರೆ ಇಲ್ಲ.”

ಬೇಳೆ ಒಲೆಗಿಡಲು ಎದ್ದು ಅವನ ಪಕ್ಕದಲ್ಲೇ ಹಾದೆ. ಕಾಲುಚೀಲದ ಹಿಮ್ಮಡಿಯಲ್ಲಿ ಉಣ್ಣೆಯ ಜೊತೆ ಮೇಕೆ ಕೂದಲಿನ ಎಳೆ ಸೇರಿತ್ತು. ಬೇಗ ಸವೆಯದಿರಲೆಂದು ಹಾಗೆ ಹೆಣೆಯುತ್ತಿದ್ದವನು ನಮ್ಮಲ್ಲಿ ಅಪ್ಪ ಒಬ್ಬನೇ. ಕೂದಲು ಚುಚ್ಚುತ್ತದೆಂದು ಊರವರು ಅವನನ್ನು ಗೇಲಿ ಮಾಡುತ್ತಿದ್ದರು.

ಇದನ್ನು ಯಾರು ಕಲಿಸಿದರೆಂದು ಮೆಲ್ಲಗೆ ಕೇಳಿದೆ.

“ನಮ್ಮ ಕಡೆಯೋನೇ, ಕುರಿ ಕಾಯೋನು. ಚುಚ್ಚೋದೆಲ್ಲ ಸೋಮಾರಿ ಕಾಲಿಗೆ ಮಾತ್ರ ಅಂತಿದ್ದ,” ಎಂದವನು ತಟ್ಟನೆ ಕಾಲುಚೀಲವನ್ನು ಮಡಿಲಲ್ಲಿ ಮುಚ್ಚಿಕೊಂಡ.

ಅಪ್ಪ ಊರವರಿಗೆ ಕೊಡುತ್ತಿದ್ದ ಉತ್ತರ ಅದೇ. ವಿಲ್ನಾದಲ್ಲಿ ಸತ್ತವನು ಸರಾತೋವಿನಲ್ಲಿ ಹೆಣಿಗೆ ಕಲಿಸುವುದು ಹೇಗೆ? ಅವ್ವನ ಕಡೆ ನೋಡಿದೆ. ಅವಳಿಗೂ ಕೇಳಿಸಿತ್ತು, ಕತ್ತಿನವರೆಗೂ ಕೆಂಪಾಗಿದ್ದಳು.

“ಸೌದೆ ತಗೊಂಬಾ ಹೋಗು, ಬಾರ್ಬೆಲಿ,” ಎಂದಳು.

ನಾನು ಕದಲಲಿಲ್ಲ. ಪಾದ್ರಿಗಳು ಬರೆಯುವುದನ್ನು ನಿಲ್ಲಿಸಿ ಕಾಗದವನ್ನೇ ನೋಡುತ್ತಿದ್ದರು.

“ಮೆಲ್ಕಿಯೋರ್ ಮಾಮ, ಅಪ್ಪನ್ನ ಕೊನೇ ಸಲ ಎಲ್ಲಿ ನೋಡಿದ್ರಿ, ಅದೊಂದು ಹೇಳಿ,” ಎಂದೆ.

ಮೆಲ್ಕಿಯೋರ್ ಸೂಜಿಗಳನ್ನು ಕೆಳಗಿಟ್ಟು ಅವ್ವನ ಮುಖ ನೋಡಿದ.