ಬಾನೆಟ್ಟಿನ ಮೇಲಿನ ಜಾಗ

ನಿಝಾಮುದ್ದೀನ್ ಕಾಕಾ ಬಸ್ಸು ಹತ್ತುವ ಮೊದಲು ಚಪ್ಪಲಿ ಕಳಚುತ್ತಾರೆ. ಎಂಜಿನ್ನಿನ ಆರೋಗ್ಯ ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಲೋಹದ ನೆಲದಲ್ಲಿ ಕಂಪನ ಸರಾಗವಾಗಿ ಹರಿಯುವುದರಿಂದ, ಅವರ ನೆರೆಮನೆಯ, ವಿಜ್ಞಾನ ಓದಿದ ನಾನು ಅದಕ್ಕೆ ಎದುರಾಡಿದ್ದಿಲ್ಲ. ಇನ್ನೊಂದು ಅಭ್ಯಾಸಕ್ಕೆ ಮಾತ್ರ ನನ್ನಲ್ಲಿ ವಿವರಣೆಯಿರಲಿಲ್ಲ. ಬಹರೈನಿನಲ್ಲಿ ಚಾಲಕ ಎಡಗಡೆ ಕೂರುತ್ತಾನೆ, ಗೇರು ಅವನ ಬಲಗೈಗೆ ಸಿಗುತ್ತದೆ. ಬುದಯ್ಯದ ಶಾಲಾ ಮಕ್ಕಳನ್ನು ಅರ್ಧ ಆಯುಷ್ಯ ಹೊತ್ತು ತಿರುಗಿದ ಮೇಲೂ ಕಾಕಾರ ಎಡಗೈ ಮಾತಿನ ನಡುವೆ ಗಾಳಿಯಲ್ಲಿ ಮೆಲ್ಲಗೆ ಗೇರು ಬದಲಿಸುತ್ತಿತ್ತು, ನಿದ್ದೆಯಲ್ಲಿ ಯಾರನ್ನೋ ತಡವುವ ಕೈಯಂತೆ.

ಆ ಕೈ ಕಲಿತದ್ದು ಶಿರಾಡಿ ಘಾಟಿಯಲ್ಲಿ. ಬಂಟ್ವಾಳದಿಂದ ಬೆಂಗಳೂರಿಗೆ ಬಸ್ಸು ಓಡಿಸುತ್ತಿದ್ದ ತರುಣ ಇಲ್ಲಿಗೆ ಬಂದು, ಬೆಟ್ಟವಿಲ್ಲದ ಈ ದ್ವೀಪದಲ್ಲಿ ಮುದುಕನಾದ. ಈ ಚಳಿಗಾಲ ಮುಗಿದರೆ ವೀಸಾವೂ ಮುಗಿಯುತ್ತದೆ. ಊರಲ್ಲೇ ಉಳಿದಿದ್ದ ಹೆಂಡತಿ ನಫೀಸಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರು. ಹಳೆಯದೊಂದು ಬಸ್ಸು ಕೊಂಡು, ಒಳಗೆ ಹಾಸಿಗೆ ಹಾಸಿ, ಸೇತುವೆ ದಾಟಿ ಸೌದಿಯ ಅಬಹಾದ ಮಂಜಿನ ಬೆಟ್ಟಗಳಿಗೆ ಅವರನ್ನು ಕರೆದೊಯ್ಯಬೇಕೆಂಬುದು ಕಾಕಾರ ಆಸೆ.

"ಈ ಪ್ರಾಯದಲ್ಲಿ ಎಂತ ಬಸ್ಸು ಮಾರಾಯ್ರೆ? ಟಿಕೆಟ್ ತೆಗೀರಿ, ಊರಿಗೆ ಹೋಗುವ" ಎಂದಿದ್ದರು ಆಕೆ. ಕೊನೆಗೆ, ಬಸ್ಸನ್ನು ಒಮ್ಮೆ ನೋಡುತ್ತೇನೆ, ಮನಸ್ಸಿಗೆ ಬಾರದಿದ್ದರೆ ಟಿಕೆಟ್ಟೇ ಸೈ ಎಂಬಲ್ಲಿಗೆ ಒಪ್ಪಂದವಾಯಿತು.

ನಮ್ಮೂರಿನವನೇ ಆದ ರಸೆಲ್ಲನ ಟುಬ್ಲಿಯ ಗ್ಯಾರೇಜಿಗೆ ನಾವು ಮೂವರು ಬೆಳಕು ಹರಿಯುವಾಗಲೇ ಹೋದೆವು, ಏಕೆಂದರೆ ಹಳೆಯ ಎಂಜಿನ್ನನ್ನು ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಬಿಸಿಯಾದ ಮೇಲೆ ಎಲ್ಲ ಎಂಜಿನ್ನುಗಳೂ ಸಭ್ಯವಾಗಿಬಿಡುತ್ತವೆ. ಕಡಲಿನ ಮಂಜು ಅಂಗಳದವರೆಗೂ ಬಂದು, ನಿಂತ ಬಸ್ಸುಗಳ ಚಕ್ರಗಳನ್ನು ಅಳಿಸಿ, ಅವು ತೇಲುತ್ತಿರುವಂತೆ ಮಾಡಿತ್ತು. ಆರಿಸಬೇಕಾದದ್ದು ಎರಡರಲ್ಲಿ ಒಂದು. ಪೆಟ್ರೋಲಿನದು ಹೊಸತು, ಸದ್ದಿಲ್ಲದ್ದು, ಎಂಜಿನ್ ನೆಲದಡಿ ಅಡಗಿತ್ತು. ಡೀಸೆಲಿನದು ಹಳತು, ಎಂಜಿನ್ ಚಾಲಕನ ಪಕ್ಕದಲ್ಲೇ, ರೆಕ್ಸಿನ್ ಹೊದಿಸಿದ ಬಾನೆಟ್ಟಿನಡಿ ಗೂನು ಬೆನ್ನಿನಂತೆ ಉಬ್ಬಿತ್ತು.

ಕಾಕಾ ನೇರ ಡೀಸೆಲಿನದರತ್ತ ನಡೆದರು. "ಕಾಕಾ, ನಿಮಗೆ ಮರ್ಲಾ? ತಲೆ ಸರಿ ಉಂಟಾ?" ಎಂದ ರಸೆಲ್. "ಇದ್ರ ಬಿಸಿ ಪೂರಾ ಒಳಗೇ ಬರ್ತದೆ. ಪೆಟ್ರೋಲ್ ತಗೊಳ್ಳಿ, ನಫೀಸಮ್ಮ ಆರಾಮಲ್ಲಿ ನಿದ್ದೆ ಮಾಡ್ತಾರೆ."

"ಅವಳು ಮಲಗ್ಲಿಕ್ಕೆ ಅಷ್ಟು ದೂರ ಬರುದಾ? ಘಾಟಿ ಹತ್ತುವಾಗ ಡೀಸೆಲಿನ ಪುಲ್ಲಿಂಗೇ ಬೇರೆ."

ಅದು ನಿಜ, ನಿಧಾನ ವೇಗದಲ್ಲೂ ಭಾರ ಎಳೆಯುವ ಬಲ ಡೀಸೆಲಿಗೆ ಹೆಚ್ಚು. ಆದರೆ ಇಬ್ಬರೇ ಹೋಗುವ ಹಗುರ ಬಸ್ಸಿಗೆ ಅಷ್ಟು ಬಲ ಬೇಕಿಲ್ಲ ಎಂದೆ. ಕಾಕಾ ಬರಿಗಾಲಲ್ಲಿ ಹತ್ತಿ ಡೀಸೆಲಿನದನ್ನು ಚಾಲೂ ಮಾಡಿದರು. ಅದು ಕೆಮ್ಮಿ, ಬಿಳಿ ಹೊಗೆಯನ್ನು ಮಂಜಿಗೆ ಸೇರಿಸಿ, ತುಸು ಹೊತ್ತಿನಲ್ಲಿ ಹೊಗೆ ತಿಳಿಯಾಗಿ ಒಂದೇ ಲಯಕ್ಕೆ ಬಂತು. ನೀಲಿ ಹೊಗೆಯಿಲ್ಲ, ಅಂದರೆ ಆಯಿಲ್ ಸುಡುತ್ತಿಲ್ಲ. ಕಾಕಾ ಕಣ್ಣು ಮುಚ್ಚಿದ್ದರು.

ನಫೀಸಮ್ಮ ಮೊದಲು ಪೆಟ್ರೋಲ್ ಬಸ್ಸನ್ನು ಹತ್ತಿ, ಮೂರನೆಯ ಸಾಲಿನ ಕಿಟಕಿಯ ಬಳಿ ನೆಂಟರ ಮನೆಯಲ್ಲಿ ಕೂತಂತೆ ಕೂತು, "ಒಳ್ಳೇದುಂಟು" ಎಂದು ಇಳಿದರು. ಆ ದನಿಯಲ್ಲಿ ಟಿಕೆಟ್ಟು ಕೇಳಿಸಿತು. ಡೀಸೆಲ್ ಬಸ್ಸಿನ ಮೆಟ್ಟಿಲಲ್ಲಿ ಮಂಡಿ ಹಿಡಿದು ನಿಂತರು. ನಡುಗುತ್ತಿದ್ದ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಊರಿನ ಬಸ್ಸಲ್ಲಿ ಇದು ನಿಮ್ಮ ಎಡಕ್ಕಿತ್ತಲ್ಲ?"

"ಹೌದು. ಇಲ್ಲಿ ಬಲಕ್ಕೆ."

ಮದುವೆಯಾದ ವರ್ಷ, ಸೀಟು ತುಂಬಿದ ಬಸ್ಸಿನಲ್ಲಿ ಬಾನೆಟ್ಟಿನ ಮೇಲೆ ಕೂತು ಆಕೆ ಘಾಟಿ ಹತ್ತಿದ್ದನ್ನು ರಸೆಲ್ಲಿಗಾಗಲೀ ನನಗಾಗಲೀ ಯಾರೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ; ನಫೀಸಮ್ಮನಿಂದ ನನಗದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಸೆರಗು ಸರಿಪಡಿಸಿಕೊಂಡು, ಯಾರನ್ನೂ ಕೇಳದೆ, ಆಕೆ ಅಲ್ಲೇ ಕೂತುಬಿಟ್ಟರು. ಮಂಡಿನೋವಿನ ಕಾಲು ಆ ಬಿಸಿಗೆ ಮೆಲ್ಲನೆ ಸಡಿಲಾದದ್ದು ನನಗೂ ಕಂಡಿತು.

"ಬಲಗೈಯಲ್ಲಿ ಗೇರ್ ಹಾಕ್ಲಿಕ್ಕೆ ಬರ್ತದಾ ನಿಮ್ಗೆ?" ಎಂದು ಛೇಡಿಸಿದರು.

"ನೋಡುವ."

"ನೋಡುದೆಂತ? ಹೊರಡಿ."

ಬಸ್ಸು ಮಂಜಿನೊಳಗೆ ಸರಿಯಿತು. ಕಾಕಾರ ಎಡಗೈ ಸ್ಟಿಯರಿಂಗಿನ ಮೇಲೆ ಸುಮ್ಮನಿತ್ತು. ಆಯುಷ್ಯವಿಡೀ ಇತರರನ್ನು ಅವರವರ ಜಾಗಕ್ಕೆ ತಲುಪಿಸಿದ ಇಂಥವರು ತಮಗಾಗಿ ಹೊರಡುವಾಗ ಎಂಜಿನ್ನಿನ ಬಲ, ಹೊಗೆ, ಸದ್ದು ಎಲ್ಲವನ್ನೂ ನಮ್ಮಂತೆಯೇ ತೂಗಿ ನೋಡುತ್ತಾರೆ. ಆದರೆ ಅದಕ್ಕೆ ಮೊದಲೇ, ಯಾರಿಗೂ ಹೇಳದೆ, ಪಕ್ಕದಲ್ಲಿ ಯಾರು ಕೂರಬೇಕೆಂದು ಗೊತ್ತುಮಾಡಿಕೊಂಡಿರುತ್ತಾರೆ.