ತಾರಸಿಯ ಮೇಲಿನ ನೀರು

ಎರಡು ಸಾವಿರದ ನಾಲ್ಕನೇ ಇಸವಿಯ ಏಪ್ರಿಲ್ ತಿಂಗಳು, ಬೆಳಿಗ್ಗೆ ಆರೂವರೆ. ಶಂಕರಪುರದ ಬೆನೆಡಿಕ್ಟಾ ಬಾವಿಗೆ ಇಳಿಸಿದ ಕೊಡಪಾನ ತಳದ ಕಲ್ಲಿಗೆ ಬಡಿದ ಸದ್ದು ಪಕ್ಕದ ಕಟ್ಟಡದ ತಾರಸಿಯಲ್ಲಿದ್ದ ಲಕ್ಕವ್ವನಿಗೂ ಕೇಳಿತು. ಅವಳು ಹೊಸ ಕಾಂಕ್ರೀಟಿನ ಮೇಲೆ ಬದು ಕಟ್ಟಿ, ಪಂಪಿನಿಂದ ಎತ್ತಿದ ಕೊಳವೆಬಾವಿಯ ನೀರು ತುಂಬಿ ನಿಲ್ಲಿಸುತ್ತಿದ್ದಳು. ಕಾಂಕ್ರೀಟು ಗಟ್ಟಿಯಾಗಲು ಹತ್ತು ದಿನ ಹಾಗೆ ನೀರು ನಿಲ್ಲಬೇಕು.

ಕಟ್ಟಡ ಶುರುವಾದಂದಿನಿಂದ ಅವಳೂ ಗಂಡ ರೇವಪ್ಪನೂ ಕುಡಿದದ್ದು ಬೆನೆಡಿಕ್ಟಾಳ ಬಾವಿಯ ನೀರನ್ನೇ. ಒಂದು ದಿನವೂ ಆಕೆ ಬೇಡ ಅಂದವಳಲ್ಲ.

ಲಕ್ಕವ್ವ ಕೆಳಗಿಳಿದಾಗ ಬೆನೆಡಿಕ್ಟಾ ಮಲ್ಲಿಗೆ ಗಿಡದ ಬುಡದಲ್ಲಿ ಕೂತಿದ್ದಳು.

"ಎಲೆ ಹಳದಿಯಾಯ್ತು, ನೋಡು. ಇವತ್ತು ಒಂದು ಚೆಂಡು ಕಟ್ಟುವಷ್ಟು ಮಲ್ಲಿಗೆಯೂ ಇಲ್ಲ. ನನ್ನ ಬಾವಿಯ ನೀರೆಲ್ಲ ನಿಮ್ಮ ಪಂಪಿಗೆ ಎಳೆದು ನೀವು ಮೇಲೆ ಕೆರೆ ಮಾಡಿದ್ದೀರಿ. ಮೀನು ಯಾವಾಗ ಬಿಡುವುದು ಮಾರಾಯ್ತಿ?"

ಲಕ್ಕವ್ವ ತಲೆ ತಗ್ಗಿಸಿ ಇಂಜಿನಿಯರ್ ಶ್ರವಣ್ ಹತ್ತಿರ ಹೋದಳು.

"ಸಾಹೇಬ್ರ, ಗೋಣಿಚೀಲ ಹಾಸಿ ತೋಯಿಸಿದ್ರ ಸಾಕ್ರಿ. ನಮ್ಮ ಕಡೆ ಹಂಗ ಮಾಡ್ತೀವಿ. ಸ್ವಲ್ಪ ನೀರಿನಾಗ ಮುಗೀತೈತಿ. ಆ ಅಮ್ಮಾರ ಬಾವಿ ಬತ್ತಿ ತೋಟ ಒಣಗಾಕತ್ತೈತ್ರಿ."

ಶ್ರವಣ್ ಸಿಟ್ಟಾಗಲಿಲ್ಲ. "ಬೆಂಗಳೂರು ಅಗಲಕ್ಕೆ ಬೆಳೆದು ಕೆರೆಗಳನ್ನು ತಿಂದಿತು. ಮುಂಬಯಿ ಮೇಲಕ್ಕೆ ಬೆಳೆಯಿತು. ಇಲ್ಲಿಯೂ ಮೇಲಕ್ಕೆ ಕಟ್ಟಿದರೆ ತೋಟ ಉಳಿಯುತ್ತದೆ, ಅಲ್ವಾ? ಈ ಕಟ್ಟಡದ ಐವತ್ತು ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಲು ಐವತ್ತು ತೋಟ ಕಡಿಯುವುದಾ?"

"ಎರಡೂ ಊರಾಗ ಕಲ್ಲು ಹೊತ್ತೀನ್ರಿ. ಅಲ್ಲಿ ನೀರು ದೂರದಿಂದ ಪೈಪಿನಾಗ ಬರ್ತಿತ್ತು. ಇಲ್ಲಿ ಐವತ್ತು ಮನಿ ಮಂದಿನೂ ಈ ನೆಲದಾಗಿಂದನ ಕುಡೀಬೇಕಲ್ರಿ."

ಅವನು ಬಾವಿಯ ಕಡೆ ನೋಡಿದ. "ನೀನು ಹೇಳುವುದು ಸುಳ್ಳಲ್ಲ. ಆದರೆ ಸ್ಲ್ಯಾಬ್ ಬಿರುಕು ಬಿಟ್ಟರೆ ಕಟ್ಟಡದ ಧಣಿಗಳು ನನ್ನನ್ನು ಕೇಳುವುದು. ನೀರು ನಿಲ್ಲಿಸಲೇಬೇಕು."

ಮರುದಿನ ಲಕ್ಕವ್ವ ಪಂಪು ಹಾಕಲಿಲ್ಲ. ಖಾಲಿ ಸೆಣಬಿನ ಗೋಣಿಗಳನ್ನು ಕೊಡವಿ, ತಾರಸಿಯಿಡೀ ಹಾಸಿ, ಡ್ರಮ್ಮಿನಲ್ಲಿದ್ದ ನೀರನ್ನು ಕೊಡದಲ್ಲಿ ತಂದು ಚಿಮುಕಿಸಿದಳು.

"ಕೂಳಿಗೆ ಕಲ್ಲು ಹಾಕ್ಕೋತೀಯೇನ?" ಎಂದ ರೇವಪ್ಪ.

"ಆಕಿ ನೀರು ಕುಡದೀನಿ," ಅಂದಳು. ರೇವಪ್ಪ ಇನ್ನೊಂದು ಕೊಡ ಎತ್ತಿಕೊಂಡ.

ಐದನೇ ದಿನ ಧಣಿ ಬಂದು ನೋಡಿದ. ಸ್ಲ್ಯಾಬಿನಲ್ಲಿ ಬಿರುಕಿರಲಿಲ್ಲ. ಆದರೂ ಹೇಳಿದ್ದನ್ನು ಕೇಳದವರು ಕೆಲಸಕ್ಕೆ ಬೇಡ ಎಂದ. ಶ್ರವಣ್ ಗೋಣಿಗಳನ್ನು ನೋಡುತ್ತ ನಿಂತಿದ್ದ.

ಗಂಟುಮೂಟೆ ಕಟ್ಟುವಾಗ ಬೆನೆಡಿಕ್ಟಾ ಬಂದಳು. ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಗೇಣುದ್ದವೂ ಇರಲಿಲ್ಲ.

"ಇಷ್ಟೇ ಉಂಟು," ಎಂದಳು.

ಲಕ್ಕವ್ವ ಅದನ್ನು ಮುಡಿಯಲಿಲ್ಲ, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿಕೊಂಡಳು. ಅವರು ಬಸ್ಸಿಗೆ ನಡೆಯುವಾಗ ತಾರಸಿಯಲ್ಲಿ ಹೊಸಬರು ಬದು ಕಟ್ಟುತ್ತಿದ್ದರು, ಪಂಪು ಓಡುತ್ತಿತ್ತು. ಹಿಂದೆ ಕೊಡಪಾನ ಕಲ್ಲಿಗೆ ಬಡಿದ ಸದ್ದು ಮತ್ತೊಮ್ಮೆ ಕೇಳಿತು.

ಲಕ್ಕವ್ವ, ರೇವಪ್ಪ ಶಂಕರಪುರ ಬಿಟ್ಟದ್ದು ಏಪ್ರಿಲ್ ಇಪ್ಪತ್ತೇಳು, ಮಂಗಳವಾರ.